ಗಾಂಜಾ ಕಾನೂನು ಸಡಿಲಾದರೆ ಜೈಲಿನ ದುಡಿಮೆಯಲ್ಲಿ ಎಷ್ಟು ಕೈ ಕಡಿಮೆ? ಧಾರವಾಡಕ್ಕೆ ಲೆಕ್ಕ ಹಾಕುವ ಕ್ರಮ

ಗಾಂಜಾ ಕಾನೂನು ಬದಲಾಗಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಅಮೆರಿಕದ ವಾದವೊಂದನ್ನು ಯಾರಾದರೂ ಹಾಗೇ ಎತ್ತಿಕೊಂಡು ಬರುತ್ತಾರೆ: ಜೈಲುಗಳು ಅಗ್ಗದ ಕೂಲಿಗಾಗಿಯೇ ಜನರನ್ನು ತುಂಬಿಕೊಳ್ಳುತ್ತವೆ, ಕಾನೂನು ಸಡಿಲಾದರೆ ಆ ಕೂಲಿಯೂ ನಿಲ್ಲುತ್ತದೆ. ಈ ಮಾತು ಧಾರವಾಡ ಕೇಂದ್ರ ಕಾರಾಗೃಹಕ್ಕೆ, ಗದಗ ಮತ್ತು ಹಾವೇರಿಯ ಜಿಲ್ಲಾ ಕಾರಾಗೃಹಗಳಿಗೆ ಹೊಂದುತ್ತದೆಯೋ ಇಲ್ಲವೋ ಎಂದು ವಾದಿಸುತ್ತ ಕೂರಬೇಕಾಗಿಲ್ಲ. ಲೆಕ್ಕ ಹಾಕಿ ನೋಡಬಹುದು. ಬೇಕಾಗುವುದು ಒಂದು ಮಾಹಿತಿ ಹಕ್ಕು ಅರ್ಜಿ, ನ್ಯಾಯಾಲಯಗಳ ಕೇಸು, ತೀರ್ಪು ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಒಂದೆರಡು ದಿನದ ಹುಡುಕಾಟ, ಸಾದಾ ಗುಣಾಕಾರ. ನವನಗರದ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ವರದಿಗಾರರು, ಕಾನೂನು ಸೇವಾ ಪ್ರಾಧಿಕಾರದ ಜೊತೆ ಕೆಲಸ ಮಾಡುವವರು ಯಾರು ಬೇಕಾದರೂ ಇದನ್ನು ಮಾಡಬಹುದು.

ಲೆಕ್ಕ ಮುಗಿದ ಮೇಲೆ ಏನು ಕಾಣುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬರೀ ‘ಸಣ್ಣ ಪ್ರಮಾಣ’ವನ್ನು, ಅಂದರೆ 1 ಕಿಲೊಗಿಂತ ಕಡಿಮೆ ಗಾಂಜಾವನ್ನು, ಅಪರಾಧದ ಪಟ್ಟಿಯಿಂದ ಕೈಬಿಟ್ಟರೆ ಜೈಲಿನ ದಟ್ಟಣೆ ಸ್ವಲ್ಪ ಇಳಿದೀತು, ದುಡಿಮೆಗೆ ಹೆಚ್ಚೇನೂ ಪೆಟ್ಟು ಬೀಳದು. ದುಡಿಮೆಯನ್ನು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಅಲುಗಾಡಿಸುವ ಕಲಮುಗಳು ಬೇರೆ ಇವೆ, ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಜೈಲಿನಲ್ಲಿ ಇರುವವರೆಲ್ಲ ದುಡಿಯುವವರಲ್ಲ

ಮೊದಲ ತಪ್ಪು ಇಲ್ಲೇ ಆಗುತ್ತದೆ. ‘ಗಾಂಜಾ ಕೇಸಿನಲ್ಲಿ ಇಷ್ಟು ಜನ ಒಳಗಿದ್ದಾರೆ’ ಎಂಬ ಸಂಖ್ಯೆ ಹಿಡಿದು, ಅದನ್ನೇ ದಿನಗೂಲಿಯಿಂದ ಗುಣಿಸಿಬಿಡುತ್ತಾರೆ. ಭಾರತದ ಜೈಲುಗಳಲ್ಲಿ 2022ರ ಡಿಸೆಂಬರ್ 31ರಂದು 5,73,220 ಬಂಧಿಗಳಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ವಿಚಾರಣಾಧೀನ ಬಂಧಿಯನ್ನು ದುಡಿಮೆಗೆ ಹಚ್ಚುವಂತಿಲ್ಲ. ತಾನಾಗಿ ಬಯಸಿದರೆ ಮಾತ್ರ ಕೆಲಸ, ಅದಕ್ಕೂ ಪಗಾರ ಕೊಡಬೇಕು.

ಸಜಾ ಆದವರಲ್ಲೂ ಎರಡು ಬಗೆ. ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಮು, ಹಿಂದಿನ ದಂಡ ಸಂಹಿತೆಯ 53ನೇ ಕಲಮಿನಂತೆಯೇ, ಸೆರೆವಾಸವನ್ನು ಕಠಿಣ ಮತ್ತು ಸಾದಾ ಎಂದು ವಿಂಗಡಿಸುತ್ತದೆ. ಕಠಿಣ ಎಂದರೆ ದುಡಿಮೆ ಸಹಿತ. ಸಾದಾ ಶಿಕ್ಷೆಯವನು ಇಷ್ಟವಿದ್ದರೆ ದುಡಿಯಬಹುದು, ಬಲವಂತವಿಲ್ಲ. ಆದ್ದರಿಂದ ತೀರ್ಪಿನ ಕೊನೆಯ ಪುಟದಲ್ಲಿ ‘ಆರ್‌.ಐ.’ ಎಂದಿದೆಯೋ ‘ಎಸ್‌.ಐ.’ ಎಂದಿದೆಯೋ ನೋಡಿಯೇ ಆ ವ್ಯಕ್ತಿಯನ್ನು ದುಡಿಮೆಯ ಲೆಕ್ಕಕ್ಕೆ ಸೇರಿಸಬೇಕು. ಆರ್‌.ಐ. ಎಂದರೆ ಕಠಿಣ, ಎಸ್‌.ಐ. ಎಂದರೆ ಸಾದಾ. ಆ ಎರಡು ಅಕ್ಷರ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಪಗಾರದ ಮಾತಿಗೆ 1998ರ ಸುಪ್ರೀಂ ಕೋರ್ಟ್ ತೀರ್ಪು ಆಧಾರ, ಗುಜರಾತ್ ಸರ್ಕಾರ ಮತ್ತು ಗುಜರಾತ್ ಹೈಕೋರ್ಟ್ ನಡುವಿನ ಪ್ರಕರಣದ್ದು. ಕಠಿಣ ಶಿಕ್ಷೆಯಾದವನಿಂದ ಅವನ ಒಪ್ಪಿಗೆ ಇಲ್ಲದೆಯೂ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು ಎಂದು ಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಕೂಲಿ ಪರಿಷ್ಕರಣೆಯಾದ ಮೇಲೆ ಕೌಶಲ ಬೇಡದ ಕೆಲಸಕ್ಕೂ ದಿನಕ್ಕೆ 500 ರೂಪಾಯಿ ದಾಟಿದೆ. ಅರೆ ಕುಶಲ, ಕುಶಲ ಎಂದು ಮೇಲೇರಿದಂತೆ ದರವೂ ಏರುತ್ತದೆ. ಹೊರಗೆ ದಿನವಿಡೀ ಮೆಣಸಿನಕಾಯಿ ಬಿಡಿಸಿದರೂ ಇಷ್ಟು ಗಿಟ್ಟುವುದಿಲ್ಲ ಎಂದು ಬ್ಯಾಡಗಿ ಕಡೆಯವರು ಹುಬ್ಬೇರಿಸಬಹುದು. ಅದೇನೇ ಇರಲಿ, ‘ಪುಕ್ಕಟೆ ಕೂಲಿ’ ಎಂಬ ಮಾತನ್ನು ಇಲ್ಲಿ ಕಣ್ಣುಮುಚ್ಚಿ ಬಳಸುವಂತಿಲ್ಲ.

ತೂಕದ ಮೂರು ಮೆಟ್ಟಿಲು

ಮಾದಕ ದ್ರವ್ಯಗಳ 1985ರ ಕಾಯ್ದೆ, ಎಲ್ಲರ ಬಾಯಲ್ಲಿ ಎನ್‌ಡಿಪಿಎಸ್, ಗಾಂಜಾದ ಶಿಕ್ಷೆಯನ್ನು ತೂಕದ ಮೇಲೆ ನಿಲ್ಲಿಸಿದೆ. 2001ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆಯ ಪ್ರಕಾರ ಗಾಂಜಾಕ್ಕೆ ಗಡಿ 1 ಕಿಲೊ ಮತ್ತು 20 ಕಿಲೊ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೊ.

1 ಕಿಲೊಗಿಂತ ಕಡಿಮೆ ಸಿಕ್ಕರೆ ಅದು ಸಣ್ಣ ಪ್ರಮಾಣ. 20ನೇ ಕಲಮಿನಡಿ 1 ವರ್ಷದವರೆಗೆ ಕಠಿಣ ಶಿಕ್ಷೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಅವಧಿ 2014ಕ್ಕೆ ಮುಂಚೆ 6 ತಿಂಗಳಿತ್ತು, ಹಳೆಯ ತೀರ್ಪು ಓದುವಾಗ ನೆನಪಿರಲಿ. 20 ಕಿಲೊ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10, ಗರಿಷ್ಠ 20 ವರ್ಷ ಕಠಿಣ ಶಿಕ್ಷೆ, ಜೊತೆಗೆ 1ರಿಂದ 2 ಲಕ್ಷ ದಂಡ. ನಡುವಿನದಕ್ಕೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಕಾಯ್ದೆಯ ಮಾತು ‘ಅದಕ್ಕಿಂತ ಕಡಿಮೆ’, ‘ಅದಕ್ಕಿಂತ ಹೆಚ್ಚು’ ಎಂದಿರುವುದರಿಂದ ಸರಿಯಾಗಿ 1 ಕಿಲೊ ಅಥವಾ ಸರಿಯಾಗಿ 20 ಕಿಲೊ ಎರಡೂ ನಡುವಿನ ಮೆಟ್ಟಿಲಿಗೇ ಬೀಳುತ್ತವೆ. ತಕ್ಕಡಿ ಎಲ್ಲಿ ಇತ್ತು, ಚೀಲದ ತೂಕ ಕಳೆದರೋ ಇಲ್ಲವೋ ಎಂಬುದಕ್ಕೆ ವಕೀಲರು ಗಂಟೆಗಟ್ಟಲೆ ಸವಾಲು ಹಾಕುವುದು ಸುಮ್ಮನೆ ಅಲ್ಲ.

ಸೇದಿದ್ದಕ್ಕೆ ಬೇರೆ ಕಲಮು, 27. ಗಾಂಜಾ ಅದರ ಎರಡನೇ ಉಪಕಲಮಿಗೆ ಬರುತ್ತದೆ: 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿ ‘ಕಠಿಣ’ ಎಂಬ ಪದವೇ ಇಲ್ಲ. ಮೊದಲ ಉಪಕಲಮಿನ ಕೊಕೇನ್, ಮಾರ್ಫಿನ್‌ಗೆ ಆ ಪದ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶಯ ಬಂದವರನ್ನು ಗುಂಪಾಗಿ ಕರೆದೊಯ್ದು ತಪಾಸಣೆ ಮಾಡಿಸಿದಾಗ ಬಹುಪಾಲು ದಾಖಲಾಗುವುದು ಇದೇ ಕಲಮು. ಅಂಥ ಕೇಸು ಸಾಮಾನ್ಯವಾಗಿ ದಂಡಕ್ಕೆ ಮುಗಿಯುತ್ತದೆ. ಪತ್ರಿಕೆಯ ತಲೆಬರಹದಲ್ಲಿ ನೂರಾರು ಜನ ಕಂಡರೂ ಜೈಲಿನ ಹಾಜರಿ ಪುಸ್ತಕದಲ್ಲಿ ಅವರು ಕಾಣುವುದಿಲ್ಲ. ಲೆಕ್ಕದಲ್ಲಿ 27ನ್ನು ಸೊನ್ನೆ ಎಂದೇ ಹಿಡಿಯಿರಿ. ದಂಡ ಕಟ್ಟಲಾಗದೆ ಕೆಲವು ದಿನ ಒಳಗಿರುವವರು ಮಾತ್ರ ಅಪವಾದ.

ಹೊಲದ ಗಿಡಕ್ಕೆ ಮೆಟ್ಟಿಲಿಲ್ಲ

ಹಾವೇರಿ, ಗದಗ ಕಡೆ ಹತ್ತಿ, ಗೋವಿನಜೋಳದ ಸಾಲಿನ ನಡುವೆ ಗಿಡ ಸಿಕ್ಕಿದ ಪ್ರಕರಣಗಳನ್ನು ಪ್ರತ್ಯೇಕವಾಗಿ ತೆಗೆದಿಡಿ. ಬೆಳೆಗೆ ಸಣ್ಣ-ದೊಡ್ಡ ಪ್ರಮಾಣದ ಗೊಡವೆಯೇ ಇಲ್ಲ. 20ನೇ ಕಲಮಿನಡಿ ಗಿಡ ಬೆಳೆಸಿದ್ದಕ್ಕೆ ನೇರವಾಗಿ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ನಾಲ್ಕು ಗಿಡವಾದರೂ ಅಷ್ಟೇ, ನಲವತ್ತಾದರೂ ಅಷ್ಟೇ. ಎಷ್ಟು ವರ್ಷ ಎಂಬುದು ನ್ಯಾಯಾಧೀಶರ ವಿವೇಚನೆ.

ಇಲ್ಲಿ ಇನ್ನೊಂದು ತೊಡಕಿದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿ ಮಾತ್ರ. ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಆದರೆ ಪಂಚನಾಮೆಯಲ್ಲಿ ಬೇರು, ಕಾಂಡ, ಹಸಿ ಎಲೆ, ಮಣ್ಣು ಎಲ್ಲ ಸೇರಿಸಿ ತೂಗಿ ‘ಒಟ್ಟು ಗಾಂಜಾ 22 ಕಿಲೊ’ ಎಂದು ಬರೆದದ್ದು ಎಷ್ಟೋ ಕಡೆ ಸಿಗುತ್ತದೆ. ಇದೇ ಕಾರಣಕ್ಕೆ ಹೈಕೋರ್ಟ್‌ಗಳು ಜಾಮೀನು ಕೊಟ್ಟ ಉದಾಹರಣೆಗಳಿವೆ. ಲೆಕ್ಕ ಹಾಕುವವರು ಎಫ್‌ಐಆರ್‌ನ ತೂಕ ನಂಬಿ ಅಂಥ ಬಂಧಿಯನ್ನು ವಾಣಿಜ್ಯ ಪ್ರಮಾಣದ ಪಟ್ಟಿಗೆ ಹಾಕಬಾರದು. ದೋಷಾರೋಪಣೆಯಲ್ಲಿ ಯಾವ ಉಪಕಲಮು ನಿಂತಿದೆ ಎಂಬುದನ್ನೇ ಹಿಡಿಯಬೇಕು. ‘ಸಣ್ಣ ಪ್ರಮಾಣ ಸಕ್ರಮ’ ಎಂಬ ಸುಧಾರಣೆ ನಾಳೆ ಬಂದರೂ ಹೊಲದಲ್ಲಿ ಸಿಕ್ಕಿಬಿದ್ದ ರೈತನಿಗೆ ಅದರಿಂದ ಏನೂ ಆಗುವುದಿಲ್ಲ. ದೀರ್ಘಕಾಲ ದುಡಿಯುವ ಗಾಂಜಾ ಬಂಧಿಗಳ ಪೈಕಿ ಅವನು ಒಬ್ಬ.

ಸುಧಾರಣೆ ಎಂದರೆ ಯಾವ ಸುಧಾರಣೆ?

‘ಕಾನೂನು ಸಡಿಲಾದರೆ’ ಎಂದು ಅಸ್ಪಷ್ಟವಾಗಿ ಬರೆದು ಲೆಕ್ಕಕ್ಕೆ ಕೂರಬೇಡಿ. ಯಾವ ಕಲಮಿನ ಯಾವ ಪದ ಬದಲಾಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಕನಿಷ್ಠ ನಾಲ್ಕು ಬಗೆ ಇವೆ: ಸಣ್ಣ ಪ್ರಮಾಣ ಮತ್ತು ಸೇವನೆಯನ್ನು ಅಪರಾಧವಲ್ಲ ಎನ್ನುವುದು, ನಡುವಿನ ಪ್ರಮಾಣದ ಗರಿಷ್ಠ ಶಿಕ್ಷೆ ಇಳಿಸುವುದು, ಬೆಳೆಗೆ ಪರವಾನಗಿ ಕೊಡುವುದು, ಶಿಕ್ಷೆಯಲ್ಲಿ ದಿನಗಳ ಕಡಿತವನ್ನು ತಡೆಯುವ 32ಎ ಕಲಮನ್ನು ತೆಗೆಯುವುದು. ಮೂರನೆಯದಕ್ಕೆ ಸಂಸತ್ತೇ ಬೇಕೆಂದಿಲ್ಲ, ಕಾಯ್ದೆಯ 10ನೇ ಕಲಮಿನಲ್ಲಿ ರಾಜ್ಯಗಳಿಗೆ ನಿಯಮ ಮಾಡುವ ಅಧಿಕಾರ ಇದೆ, ಉತ್ತರಾಖಂಡ ನಾರಿಗಾಗಿ ಬೆಳೆಯುವ, ಗಾಂಜಾ ಜಾತಿಯ ಸೆಣಬಿಗೆ ಪರವಾನಗಿಯ ದಾರಿ ಹಿಡಿದದ್ದು ಎಲ್ಲರಿಗೂ ಗೊತ್ತು. ಆದರೆ ಪರವಾನಗಿ ಇಲ್ಲದೆ ಬೆಳೆದವನಿಗೆ ಶಿಕ್ಷೆ ಹಾಗೇ ಉಳಿಯುತ್ತದೆ.

ಬಗೆ ಯಾವುದೇ ಇರಲಿ, ಅದು ಯಾರಿಗೆ ಅನ್ವಯಿಸುತ್ತದೆ ಎಂಬುದೇ ಲೆಕ್ಕದ ಹೃದಯ. ಇದಕ್ಕೆ ನಮ್ಮಲ್ಲೇ ಒಂದು ಗಟ್ಟಿ ಉದಾಹರಣೆ ಇದೆ. 2001ರ ಅಕ್ಟೋಬರ್ 2ಕ್ಕೆ ಮುಂಚೆ ಎನ್‌ಡಿಪಿಎಸ್‌ನಲ್ಲಿ ತೂಕದ ಈ ಮೆಟ್ಟಿಲುಗಳೇ ಇರಲಿಲ್ಲ. ಆ ದಿನ ಜಾರಿಗೆ ಬಂದ ತಿದ್ದುಪಡಿ ಶಿಕ್ಷೆಯನ್ನು ತೂಕಕ್ಕೆ ಜೋಡಿಸಿತು, ಅನೇಕರಿಗೆ ಶಿಕ್ಷೆ ಹಗುರಾಯಿತು. ಆದರೆ ತಿದ್ದುಪಡಿಯ 41ನೇ ಕಲಮು ಈ ಲಾಭವನ್ನು ತನಿಖೆ ಅಥವಾ ವಿಚಾರಣೆ ನಡೆಯುತ್ತಿದ್ದ ಕೇಸುಗಳಿಗೆ ಮಾತ್ರ ಕೊಟ್ಟಿತು. ಶಿಕ್ಷೆಯಾಗಿ ಮೇಲ್ಮನವಿಯಲ್ಲಿದ್ದವರನ್ನು ಹೊರಗಿಟ್ಟಿತು. ಈ ಭೇದ ಸರಿಯಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದರೆ, 2004ರಲ್ಲಿ ಬಶೀರ್ ಮತ್ತು ಕೇರಳ ಸರ್ಕಾರದ ಪ್ರಕರಣದಲ್ಲಿ ಕೋರ್ಟ್ ಆ ಭೇದವನ್ನು ಎತ್ತಿಹಿಡಿಯಿತು.

ಇದರ ಪರಿಣಾಮ ದುಡಿಮೆಯ ಮೇಲೆ ನೇರ. ಕಾನೂನು ಸಡಿಲಾದ ದಿನ ಮಗ್ಗದ ಮುಂದೆ, ಅಡುಗೆಮನೆಯಲ್ಲಿ ಇರುವವರು ಶಿಕ್ಷೆಯಾದವರು. ತಿದ್ದುಪಡಿ ಅವರನ್ನು ಮುಟ್ಟದಿದ್ದರೆ ಅಂದು ಒಂದು ಕೈಯೂ ಕಡಿಮೆಯಾಗುವುದಿಲ್ಲ. ಹೊಸಬರು ಬರುವುದು ನಿಂತು, ಇದ್ದವರ ಅವಧಿ ಮುಗಿದಂತೆ ವರ್ಷಗಳಲ್ಲಿ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಯಾವುದೇ ಮಸೂದೆ ಬಂದರೂ ಮೊದಲು ಕೊನೆಯ ಪುಟಗಳಿಗೆ ಹೋಗಿ ‘ಬಾಕಿ ಪ್ರಕರಣಗಳಿಗೆ ಅನ್ವಯ’ ಎಂಬ ಕಲಮು ಹುಡುಕಿ. ಅದು ಇಲ್ಲವೇ ಇಲ್ಲ ಎಂದಾದರೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 6ನೇ ಕಲಮು ಎದುರಾಗುತ್ತದೆ: ಹಳೆಯ ಕಾನೂನಿನಡಿ ಆದದ್ದು, ಆಗುತ್ತಿರುವುದು ಸಾಮಾನ್ಯವಾಗಿ ಹಾಗೇ ಮುಂದುವರಿಯುತ್ತದೆ.

ಯಾರೂ ನೋಡದ 32ಎ

ಜೈಲಿನಲ್ಲಿ ಮೈಮುರಿದು ದುಡಿಯುವುದಕ್ಕೆ ಎರಡು ಆಸೆ. ಒಂದು ಪಗಾರ, ಇನ್ನೊಂದು ಮಾಫಿ, ಅಂದರೆ ಒಳ್ಳೆಯ ನಡತೆ ಮತ್ತು ಕೆಲಸಕ್ಕೆ ಪ್ರತಿಯಾಗಿ ಶಿಕ್ಷೆಯಲ್ಲಿ ಸಿಗುವ ದಿನಗಳ ಕಡಿತ. ಎನ್‌ಡಿಪಿಎಸ್‌ನ 32ಎ ಕಲಮು ಈ ಎರಡನೆಯದನ್ನು ಕಿತ್ತುಕೊಂಡಿದೆ. 27ನೇ ಕಲಮಿನ ಶಿಕ್ಷೆ ಬಿಟ್ಟು ಈ ಕಾಯ್ದೆಯ ಬೇರಾವ ಶಿಕ್ಷೆಗೂ ಮಾಫಿ ಇಲ್ಲ, ಹಗುರ ಶಿಕ್ಷೆಗೆ ಪರಿವರ್ತನೆ ಇಲ್ಲ. 2000ದಲ್ಲಿ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಕಲಮು ತಡೆದಿದ್ದ, ಶಿಕ್ಷೆಯನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಮೇಲ್ಮನವಿ ಕೋರ್ಟ್‌ಗಳಿಗೆ ಮರಳಿ ಕೊಟ್ಟಿತು. ಪೆರೋಲ್‌ಗೆ ಈ ಕಲಮು ಅಡ್ಡಿಯಲ್ಲ ಎಂದೂ ಹೇಳಿತು. ಮಾಫಿಯ ನಿಷೇಧ ಮಾತ್ರ ಉಳಿಯಿತು.

ಒಂದೇ ಪಾಳಿಯಲ್ಲಿ ಒಂದೇ ಮಗ್ಗದ ಕೆಲಸ ಮಾಡುವ ಇಬ್ಬರಲ್ಲಿ ಕಳ್ಳತನದ ಸಜಾ ಬಂಧಿಗೆ ದಿನ ಕಡಿಮೆಯಾಗುತ್ತ ಹೋಗುತ್ತದೆ, ಗಾಂಜಾದವನಿಗೆ ಆಗುವುದಿಲ್ಲ. ಲೆಕ್ಕದ ಭಾಷೆಯಲ್ಲಿ, ಅಷ್ಟೇ ಉದ್ದದ ಶಿಕ್ಷೆಗೆ ಗಾಂಜಾ ಬಂಧಿ ಹೆಚ್ಚು ದಿನ ದುಡಿಮೆಯ ಪಟ್ಟಿಯಲ್ಲಿರುತ್ತಾನೆ. ಒಂದು ಗ್ರಾಂ ಗಾಂಜಾವನ್ನೂ ಸಕ್ರಮ ಮಾಡದೆ ಈ ಒಂದು ಕಲಮು ತೆಗೆದರೂ ದುಡಿಮೆಯ ಸಂಖ್ಯೆ ಬದಲಾಗುತ್ತದೆ. ಸುಧಾರಣೆಯ ಚರ್ಚೆಯಲ್ಲಿ ಇದರ ಹೆಸರೇ ಬಾರದಿರುವುದು ವಿಚಿತ್ರ.

ಮಾಹಿತಿ ಹಕ್ಕು ಅರ್ಜಿ ಹೀಗಿರಲಿ

ರಾಷ್ಟ್ರೀಯ ಬ್ಯೂರೋದ ಜೈಲು ವರದಿ ಎನ್‌ಡಿಪಿಎಸ್ ಬಂಧಿಗಳನ್ನು ಒಟ್ಟಾಗಿ ಕೊಡುತ್ತದೆ, ಗಾಂಜಾವನ್ನು ಬೇರೆ ಮಾಡುವುದಿಲ್ಲ. ಒಬ್ಬನ ಮೇಲೆ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದದ್ದರ ಅಡಿಯಲ್ಲಿ ಮಾತ್ರ ಎಣಿಸುತ್ತದೆ. ಆದ್ದರಿಂದ ಸ್ಥಳೀಯ ಅಂಕಿ ಜೈಲಿನಿಂದಲೇ ಬರಬೇಕು.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎಲ್ಲವನ್ನೂ ಒಂದರಲ್ಲೇ ತುರುಕಿ ತಿರಸ್ಕೃತರಾಗುವವರು ಬಹಳ. ಶುಲ್ಕ 10 ರೂಪಾಯಿ, ಇಂಡಿಯನ್ ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಮಾದರಿ:

‘ಗೆ, ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಕೇಂದ್ರ ಕಾರಾಗೃಹ, ಧಾರವಾಡ. ವಿಷಯ: ಎನ್‌ಡಿಪಿಎಸ್ ಬಂಧಿಗಳ ಕೆಲಸದ ಹಾಜರಿ. ಕಳೆದ ಡಿಸೆಂಬರ್ 31ರಂದು ಇದ್ದಂತೆ, ಹೆಸರು ಮತ್ತು ವಿಳಾಸ ಬಿಟ್ಟು, ಕೆಳಗಿನ ಸಂಖ್ಯೆಗಳನ್ನು ನೀಡಿ. 1. ಎನ್‌ಡಿಪಿಎಸ್ ಕಾಯ್ದೆಯಡಿ ಇದ್ದ ವಿಚಾರಣಾಧೀನ ಬಂಧಿಗಳು ಮತ್ತು ಸಜಾ ಬಂಧಿಗಳು, ಕಲಮು ಮತ್ತು ಉಪಕಲಮುವಾರು. 2. ಸಜಾ ಬಂಧಿಗಳಲ್ಲಿ ಕಠಿಣ ಶಿಕ್ಷೆಯವರು ಮತ್ತು ಸಾದಾ ಶಿಕ್ಷೆಯವರು. 3. ಇವರಲ್ಲಿ ಕೆಲಸದ ಹಾಜರಿ ಪಟ್ಟಿಯಲ್ಲಿದ್ದವರು, ವಿಭಾಗವಾರು. 4. ಇಡೀ ಕಾರಾಗೃಹದ ಕೆಲಸದ ಹಾಜರಿ ಪಟ್ಟಿಯ ಒಟ್ಟು ಸಂಖ್ಯೆ ಮತ್ತು ಡಿಸೆಂಬರ್ ತಿಂಗಳ ಒಟ್ಟು ಮಾನವ ದಿನಗಳು. 5. ಆ ತಿಂಗಳು ಜಾರಿಯಲ್ಲಿದ್ದ ದಿನಗೂಲಿ ದರಗಳ ಆದೇಶದ ಪ್ರತಿ ಮತ್ತು ಕೂಲಿಯಿಂದ ಮಾಡುವ ಕಡಿತಗಳ ವಿವರ.’

ಡಿಸೆಂಬರ್ 31 ಎಂದೇ ಕೇಳುವುದಕ್ಕೆ ಕಾರಣವಿದೆ: ರಾಷ್ಟ್ರೀಯ ವರದಿಯೂ ಅದೇ ದಿನದ ಎಣಿಕೆ, ತಾಳೆ ನೋಡಲು ಅನುಕೂಲ. ‘ಹೆಸರು ಬಿಟ್ಟು’ ಎಂದು ಬರೆಯದಿದ್ದರೆ ಖಾಸಗಿ ಮಾಹಿತಿ ಎಂಬ ನೆಪ ಬರುತ್ತದೆ. ‘ಗಾಂಜಾ ಬಂಧಿಗಳು ಎಷ್ಟು’ ಎಂದು ಕೇಳಬೇಡಿ. ಜೈಲಿನ ಪುಸ್ತಕ ವಸ್ತುವಿನ ಹೆಸರಿನಲ್ಲಿ ನಡೆಯುವುದಿಲ್ಲ, ಕಲಮಿನ ಮೇಲೆ ನಡೆಯುತ್ತದೆ. 20ನೇ ಕಲಮು ಬಂದರೆ ಅದು ಗಾಂಜಾ ಅಥವಾ ಚರಸ್ ಎಂದು ನೀವೇ ತಿಳಿದುಕೊಳ್ಳಬಹುದು. ‘ಯಾಕೆ’, ‘ನಿಮ್ಮ ಅಭಿಪ್ರಾಯವೇನು’ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ, ಇರುವ ದಾಖಲೆಯನ್ನೇ ಕೇಳಿ.

30 ದಿನದಲ್ಲಿ ಉತ್ತರ ಬರಬೇಕು. ‘ತನಿಖೆಗೆ ಅಡ್ಡಿ’ ಎಂದು ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮು ತೋರಿಸಿದರೆ, ಬರೀ ಸಂಖ್ಯೆಯಿಂದ ಯಾವ ತನಿಖೆಗೆ ಹೇಗೆ ಅಡ್ಡಿ ಎಂಬ ಕಾರಣ ಬರೆದಿಲ್ಲ ಎಂದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಗದಗ, ಹಾವೇರಿಗೆ ಬೇರೆ ಬೇರೆ ಅರ್ಜಿ ಹಾಕಿ. ದೀರ್ಘ ಶಿಕ್ಷೆಯಾದವರನ್ನು ಕೇಂದ್ರ ಕಾರಾಗೃಹಕ್ಕೆ ಕಳಿಸುವುದು ರೂಢಿ, ಹಾಗಾಗಿ ಜಿಲ್ಲಾ ಜೈಲುಗಳಲ್ಲಿ ವಿಚಾರಣಾಧೀನರೇ ತುಂಬಿರುತ್ತಾರೆ. ಅಲ್ಲಿಯ ದುಡಿಮೆಯ ಅಂಕಿ ಸಣ್ಣದಿದ್ದರೆ ಗಾಬರಿ ಬೇಡ.

ಇ-ಕೋರ್ಟ್ಸ್‌ನಲ್ಲಿ ತಾಳೆ ನೋಡುವುದು

ಜಾಲತಾಣದಲ್ಲಿ ಕೇಸಿನ ಸ್ಥಿತಿ ಎಂಬಲ್ಲಿ ಹೋಗಿ, ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ, ‘ಕಾಯ್ದೆ’ ಎಂಬ ವಿಧಾನದಲ್ಲಿ ಎನ್‌ಡಿಪಿಎಸ್ ಹುಡುಕಿ. ಮೊದಲು ಇತ್ಯರ್ಥವಾದವು, ಆಮೇಲೆ ಬಾಕಿ ಇರುವವು. ಕಾಯ್ದೆಯ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ನಮೂದಿಸಿರುತ್ತಾರೆ, ಎರಡು-ಮೂರು ರೂಪದಲ್ಲಿ ಹುಡುಕದಿದ್ದರೆ ಅರ್ಧ ಕೇಸು ತಪ್ಪುತ್ತವೆ. ಪ್ರತಿ ತೀರ್ಪಿನಿಂದ ಐದು ಸಂಗತಿ ಬರೆದುಕೊಳ್ಳಿ: ಉಪಕಲಮು, ತೂಕ, ಶಿಕ್ಷೆಯ ಬಗೆ ಮತ್ತು ಅವಧಿ, ದಂಡ ಮತ್ತು ಕಟ್ಟದಿದ್ದರೆ ಎಷ್ಟು, ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳು.

ಕೊನೆಯದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 468ನೇ ಕಲಮಿನಂತೆ ಮುಂಚೆ ಕಳೆದ ದಿನ ಶಿಕ್ಷೆಯಲ್ಲಿ ವಜಾ ಆಗುತ್ತದೆ. 6 ತಿಂಗಳು ಕಠಿಣ ಶಿಕ್ಷೆಯಾದವನು ಆಗಲೇ 5 ತಿಂಗಳು ಒಳಗಿದ್ದರೆ ಅವನು ದುಡಿಯುವುದು 1 ತಿಂಗಳು. ‘ಈಗಾಗಲೇ ಕಳೆದ ಅವಧಿಯೇ ಶಿಕ್ಷೆ’ ಎಂದು ಬರೆದಿದ್ದರೆ ಒಂದು ದಿನವೂ ಇಲ್ಲ. ಸಣ್ಣ ಪ್ರಮಾಣದ ಕೇಸುಗಳಲ್ಲಿ ಇದು ತೀರ ಸಾಮಾನ್ಯ. ಇದೇ ಕಾರಣಕ್ಕೆ ‘ಸಣ್ಣ ಪ್ರಮಾಣ’ದ ಸುಧಾರಣೆ ದುಡಿಮೆಯ ಪಟ್ಟಿಯನ್ನು ಹೆಚ್ಚು ಮುಟ್ಟುವುದಿಲ್ಲ. ದಂಡದ ಕಡೆಯೂ ಗಮನ ಇರಲಿ. ಲಕ್ಷ ರೂಪಾಯಿ ಹೊಂದಿಸಲಾಗದವನು ಶಿಕ್ಷೆ ಮುಗಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತಾನೆ. ಇಂಥ ಒಂದು ಪ್ರಕರಣದಲ್ಲಿ 3 ವರ್ಷದ ಹೆಚ್ಚುವರಿ ಸೆರೆವಾಸವನ್ನು ಸುಪ್ರೀಂ ಕೋರ್ಟ್ 2007ರಲ್ಲಿ 6 ತಿಂಗಳಿಗೆ ಇಳಿಸಿತ್ತು.

ಒಂದು ಲೆಕ್ಕ ಮಾಡಿ ನೋಡೋಣ

ಕೆಳಗಿನ ಅಂಕಿಗಳು ಯಾವ ಜೈಲಿನವೂ ಅಲ್ಲ, ದಾರಿ ತೋರಿಸಲು ಹಿಡಿದವು. ನಿಮ್ಮ ಅರ್ಜಿಗೆ ಬಂದ ಅಂಕಿಯನ್ನು ಇದೇ ಜಾಗಗಳಲ್ಲಿ ಇಡಿ.

20ನೇ ಕಲಮಿನ ಬಂಧಿಗಳು 100 ಎನ್ನಿ. 80 ವಿಚಾರಣಾಧೀನರು, ಅವರಲ್ಲಿ 15 ಸಣ್ಣ ಪ್ರಮಾಣದವರು. ಸಜಾ ಆದವರು 20: ಸಣ್ಣ ಪ್ರಮಾಣ 2, ನಡುವಿನದು ಮತ್ತು ಬೆಳೆ ಸೇರಿ 12, ವಾಣಿಜ್ಯ 6. ವಿಚಾರಣಾಧೀನರಲ್ಲಿ ತಾವಾಗಿ ಕೆಲಸಕ್ಕೆ ಬಂದವರು 8, ಅವರಲ್ಲಿ ಒಬ್ಬ ಸಣ್ಣ ಪ್ರಮಾಣದವನು. ಇಡೀ ಜೈಲಿನ ಹಾಜರಿ ಪಟ್ಟಿ 250. ತಿಂಗಳಿಗೆ 25 ಕೆಲಸದ ದಿನ, ಸುಲಭಕ್ಕೆ ದಿನಕ್ಕೆ 500 ರೂಪಾಯಿ.

ಒಟ್ಟು ದುಡಿಮೆ 250 ಗುಣಿಸು 25, ಅಂದರೆ 6,250 ಮಾನವ ದಿನ (ಒಬ್ಬರ ಒಂದು ದಿನದ ಕೆಲಸ ಒಂದು ಮಾನವ ದಿನ). ಗಾಂಜಾ ಬಂಧಿಗಳ ಪಾಲು, ಸಜಾ ಆದ 20 ಮತ್ತು ವಿಚಾರಣಾಧೀನ 8 ಸೇರಿ, 28 ಜನ, 700 ಮಾನವ ದಿನ, ನೂರಕ್ಕೆ 11.

ಸಣ್ಣ ಪ್ರಮಾಣ ಪೂರ್ತಿ ಕೈಬಿಟ್ಟು, ಶಿಕ್ಷೆಯಾದವರನ್ನೂ ಬಿಟ್ಟರೆ ಜೈಲಿನಿಂದ ಹೋಗುವವರು 17. ದುಡಿಮೆಯಿಂದ ಹೋಗುವವರು 3, ಅಂದರೆ 75 ಮಾನವ ದಿನ, ತಿಂಗಳಿಗೆ 37,500 ರೂಪಾಯಿ ಕೂಲಿ, ನೂರಕ್ಕೆ 1.2. ಮಲಗುವ ಜಾಗ ಸಿಕ್ಕಿತು, ಕೆಲಸ ನಿಲ್ಲಲಿಲ್ಲ.

ನಡುವಿನ ಪ್ರಮಾಣದ ಗರಿಷ್ಠವನ್ನು 3 ವರ್ಷಕ್ಕೆ ಇಳಿಸಿ ಹಳಬರಿಗೂ ಅನ್ವಯಿಸಿದರು, 12ರಲ್ಲಿ 5 ಜನ ಆಗಲೇ 3 ವರ್ಷ ಮುಗಿಸಿದ್ದಾರೆ ಎನ್ನಿ. 125 ಮಾನವ ದಿನ, 62,500 ರೂಪಾಯಿ, ನೂರಕ್ಕೆ 2. 2001ರಂತೆ ಹಳಬರನ್ನು ಹೊರಗಿಟ್ಟರೆ ಇಂದಿಗೆ ಸೊನ್ನೆ.

32ಎ ತೆಗೆದರೆ? ಮಾಫಿಯಿಂದ ಶಿಕ್ಷೆಯ ಆರನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದು ಹಿಡಿದರೆ, ನಡುವಿನ ಮತ್ತು ವಾಣಿಜ್ಯದ 18 ಜನರಲ್ಲಿ ಯಾವುದೇ ದಿನ ನೋಡಿದರೂ ಸರಾಸರಿ 3 ಜನ ಕಡಿಮೆ ಇರುತ್ತಾರೆ. ಮತ್ತೆ 75 ಮಾನವ ದಿನ. ಮೊದಲ ಸುಧಾರಣೆಯಷ್ಟೇ ಪರಿಣಾಮ. ಆದರೆ ಇದು ತಕ್ಷಣ ಕಾಣುವುದಿಲ್ಲ, ಮಾಫಿ ದಿನಗಳು ಕೂಡುತ್ತ ಹೋಗಬೇಕು.

ಸಂಖ್ಯೆಯ ಆಚೆ ಒಂದು ಮಾತು. ಯಾವ ಕೆಲಸದ ಕೈ ಹೋಯಿತು ಎಂಬುದೂ ಮುಖ್ಯ. ನೇಯ್ಗೆ, ಬಡಗಿ ಕೆಲಸ, ಬೇಕರಿಯಲ್ಲಿ ಪಳಗಲು ತಿಂಗಳುಗಳು ಬೇಕು, ಬೆಟಗೇರಿಯ ಯಾವ ನೇಕಾರನನ್ನು ಕೇಳಿದರೂ ಹೇಳುತ್ತಾನೆ. ಅಂಥ ಕಡೆ ಕೂರಿಸುವುದು ದೀರ್ಘ ಶಿಕ್ಷೆಯವರನ್ನು. ಮೂರು-ನಾಲ್ಕು ತಿಂಗಳಿಗೆ ಬಂದವನು ಕಸ ಗುಡಿಸುತ್ತಾನೆ, ರೊಟ್ಟಿ ತಟ್ಟುತ್ತಾನೆ, ತರಕಾರಿ ಹೆಚ್ಚುತ್ತಾನೆ. ಆದ್ದರಿಂದ ಸಣ್ಣ ಪ್ರಮಾಣದವರು ಹೋದರೆ ಮಾರಾಟದ ಸರಕಿಗೆ ಪೆಟ್ಟಿಲ್ಲ, ಅಡುಗೆ ಮತ್ತು ಸ್ವಚ್ಛತೆಯ ಪಾಳಿ ಬಿಗಿಯಾಗುತ್ತದೆ. ಆ ಪಾಳಿ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಎರಡನೇ ಅರ್ಜಿಯಲ್ಲಿ ಕೇಳಿ. ಜಾತಿ ನೋಡಿ ಕೆಲಸ ಹಂಚುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ರದ್ದು ಮಾಡಿದೆ. ಕೈ ಕಡಿಮೆಯಾದಾಗ ಶೌಚಾಲಯದ ಕೆಲಸಕ್ಕೆ ಯಾರನ್ನು ಕರೆಯುತ್ತಾರೆ ಎಂಬಲ್ಲೇ ಆ ತೀರ್ಪು ಪಾಲನೆಯಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಅಮೆರಿಕದ ವಾದ ಇಲ್ಲಿಗೆ ಯಾಕೆ ಕೂರುವುದಿಲ್ಲ

ಅಲ್ಲಿ ಗುಲಾಮಗಿರಿ ನಿಷೇಧಿಸಿದ 1865ರ ಹದಿಮೂರನೇ ತಿದ್ದುಪಡಿಯೇ ‘ಅಪರಾಧಕ್ಕೆ ಶಿಕ್ಷೆಯಾಗಿ’ ಎಂಬ ವಿನಾಯಿತಿ ಇಟ್ಟುಕೊಂಡಿದೆ. ಟೆಕ್ಸಾಸ್, ಜಾರ್ಜಿಯಾ, ಅಲಬಾಮಾದಂಥ ರಾಜ್ಯಗಳಲ್ಲಿ ಜೈಲಿನ ಬಹುತೇಕ ಕೆಲಸಕ್ಕೆ ಕೂಲಿಯೇ ಇಲ್ಲ. ಫೆಡರಲ್ ಜೈಲು ಕಾರ್ಖಾನೆಗಳಲ್ಲಿ ಗಂಟೆಗೆ 23 ಸೆಂಟ್‌ನಿಂದ 1.15 ಡಾಲರ್. 2014ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ವಕೀಲರು, ಬೇಗ ಬಿಡುಗಡೆ ಮಾಡಿದರೆ ಕಾಡ್ಗಿಚ್ಚು ಆರಿಸುವ ಬಂಧಿಗಳ ತಂಡಕ್ಕೆ ಜನ ಸಾಲುವುದಿಲ್ಲ ಎಂದು ಕೋರ್ಟಿನಲ್ಲೇ ವಾದಿಸಿದ್ದರು. ವಾದ ಹುಟ್ಟಿದ್ದು ಇಂಥ ನೆಲದಲ್ಲಿ. ಬಲವಂತದ ದುಡಿಮೆಯನ್ನು ನಿಷೇಧಿಸುವ ನಮ್ಮ ಸಂವಿಧಾನದ 23ನೇ ವಿಧಿಯಲ್ಲಿ ಬಂಧಿಗಳಿಗೆ ಅಂಥ ವಿನಾಯಿತಿಯ ಮಾತಿಲ್ಲ. ಇನ್ನು ಅಲ್ಲೂ ಲೆಕ್ಕ ಸರಳವಿಲ್ಲ: 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಗಾಂಜಾ ಇಟ್ಟುಕೊಂಡಿದ್ದವರಿಗೆ ಸಾಮೂಹಿಕ ಕ್ಷಮೆ ಕೊಟ್ಟಾಗ, ಬರೀ ಆ ಅಪರಾಧಕ್ಕಾಗಿ ಫೆಡರಲ್ ಜೈಲಿನಲ್ಲಿ ಒಬ್ಬರೂ ಇರಲಿಲ್ಲ. ಸಾವಿರಾರು ಜನರಿಗೆ ಕ್ಷಮೆ ಸಿಕ್ಕಿತು, ಆ ಜೈಲುಗಳ ದುಡಿಮೆ ಪಟ್ಟಿಯಿಂದ ಒಂದು ಹೆಸರೂ ಅಳಿಯಲಿಲ್ಲ.

ಶಿಕ್ಷೆಯ ಬದಲು ಸಮುದಾಯ ಸೇವೆ ಬಂದರೆ

ಇದು ಬರಬಹುದಾದ ದಾರಿ, ಹಾಗಾಗಿ ಲೆಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ. ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಸದ್ಯ ಸಾರ್ವಜನಿಕವಾಗಿ ಕುಡಿದು ಗಲಾಟೆ, 5,000 ರೂಪಾಯಿಗಿಂತ ಕಡಿಮೆ ಮೊತ್ತದ ಮೊದಲ ಕಳ್ಳತನದಂಥ ಕೆಲವೇ ಅಪರಾಧಗಳಿಗೆ, ಎನ್‌ಡಿಪಿಎಸ್‌ಗೆ ಇಲ್ಲ. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಕಲಮಿನ ವಿವರಣೆ ಓದಿ: ಈ ಸೇವೆಗೆ ಯಾವ ಸಂಭಾವನೆಯೂ ಇಲ್ಲ. ಜೈಲಿನೊಳಗೆ ತರಕಾರಿ ಹೆಚ್ಚಿದರೆ 500 ರೂಪಾಯಿ ದಾಟುತ್ತದೆ, ಅದೇ ವ್ಯಕ್ತಿ ಹೊರಗೆ ಉಣಕಲ್ ಕೆರೆಯ ದಂಡೆ ಗುಡಿಸಿದರೆ ಒಂದು ಪೈಸೆಯೂ ಇಲ್ಲ. ಮನೆಯಲ್ಲಿ ಮಲಗುವ ಲಾಭ ದೊಡ್ಡದೇ, ಸಂಶಯವಿಲ್ಲ. ಆದರೆ ‘ಪುಕ್ಕಟೆ ದುಡಿಮೆ ನಿಂತಿತು’ ಎಂದು ಬರೆಯುವ ಮುಂಚೆ ಆ ಕಾಲಂನಲ್ಲಿ ಎಷ್ಟು ಗಂಟೆ ಬೀಳುತ್ತವೆ ನೋಡಬೇಕು.

ಇನ್ನೊಂದು ದಾರಿ ಈಗಲೇ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ವ್ಯಸನಿಯೊಬ್ಬ ಸೇವನೆಗೆ ಅಥವಾ ಸಣ್ಣ ಪ್ರಮಾಣಕ್ಕೆ ಸಿಕ್ಕಿಬಿದ್ದು ತಾನಾಗಿ ಚಿಕಿತ್ಸೆಗೆ ಮುಂದಾದರೆ 64ಎ ಕಲಮಿನಡಿ ಮೊಕದ್ದಮೆಯಿಂದಲೇ ರಕ್ಷಣೆ ಇದೆ, ಚಿಕಿತ್ಸೆ ಪೂರ್ತಿ ಮುಗಿಸಬೇಕು ಅಷ್ಟೇ. ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೂ 39ನೇ ಕಲಮಿನಲ್ಲಿ ನ್ಯಾಯಾಲಯ ಚಿಕಿತ್ಸೆಗೆ ಕಳಿಸಬಹುದು. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತೀರ್ಪುಗಳನ್ನು ಓದುವಾಗ ಈ ಎರಡು ಕಲಮುಗಳ ಉಲ್ಲೇಖ ಎಷ್ಟು ಕಡೆ ಇದೆ ಎಂದು ಪಕ್ಕದಲ್ಲಿ ಗುರುತು ಹಾಕುತ್ತ ಹೋಗಿ. ಉಲ್ಲೇಖ ಇರಬೇಕಾದ ಕಡೆ ಇಲ್ಲದಿದ್ದರೆ, ಅಂಥ ಕೇಸುಗಳ ಪಟ್ಟಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಪತ್ರದ ಜೊತೆ ಕೊಡಿ. ಬಾಕಿ ಇರುವ ಕೇಸುಗಳಲ್ಲಿ ಅವರ ವಕೀಲರು ಅರ್ಜಿ ಹಾಕಬಹುದು. ಅದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.